ಹುಲ್ಲಿನ ಹದ

ಮಳೆ ಬಿದ್ದ ಮೇಲೆ ಶಲವಡಿಯ ಅಗಸಿ ಓಣಿಯವರು ಮುಗಿಲು ನೋಡುತ್ತಿರಲಿಲ್ಲ, ಹೊಳೆಪ್ಪನ ಬಲಗೈ ನೋಡುತ್ತಿದ್ದರು. ಎರೆಹೊಲದ ಕರಿಮಣ್ಣಿನ ಸ್ವಭಾವವೇ ಹಾಗೆ. ಮಳೆಯಾದ ಮರುದಿನ ಇಳಿದರೆ ಕಾಲಿಗೆ ಸೇರುಗಟ್ಟಲೆ ಮಣ್ಣು ಅಂಟಿ ಎತ್ತೂ ಮನುಷ್ಯನೂ ನಿಂತಲ್ಲೇ ನಿಲ್ಲಬೇಕು. ನಾಲ್ಕು ದಿನ ಹೆಚ್ಚು ತಡೆದರೆ ಅದೇ ಮಣ್ಣು ಕಲ್ಲಾಗಿ ಬಿತ್ತುವ ಕೂರಿಗೆ ಮುರಿಯುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ದಿನ, ಕೆಲವು ಸಲ ಒಂದೇ ಒಂದು ಹೊತ್ತು, ನೆಲ ತಾನಾಗಿ ಬೀಜ ಬೇಡುತ್ತದೆ. ಅದಕ್ಕೇ ಹದ ಎನ್ನುವುದು. ಹೊಳೆಪ್ಪ ಹೊಲದಲ್ಲಿ ಒಂದು ಹಿಡಿ ಮಣ್ಣೆತ್ತಿ, ಮುಷ್ಟಿ ಬಿಗಿದು, ಆ ಉಂಡೆಯನ್ನು ಕೆಳಗೆ ಬಿಡುತ್ತಿದ್ದ. ಅದು ಒಡೆದ ರೀತಿ ನೋಡಿ "ಕೂರಿಗಿ ಹೂಡ್ರಿ" ಅಂದನೆಂದರೆ ಅರ್ಧ ಓಣಿ ಕೂರಿಗೆ ಹೂಡುತ್ತಿತ್ತು. ಮೂವತ್ತು ವರ್ಷ ಹೀಗೆ ನಡೆಯಿತು. ಅವನಿಗೆ ಗರ್ವ ಬಂದಿರಲಿಲ್ಲ ಅಂದರೆ ಸುಳ್ಳಾದೀತು. ಬಂದಿತ್ತು, ಚೆನ್ನಾಗಿಯೇ ಬಂದಿತ್ತು.

ನವಲಗುಂದದ ಕಡೆ ಮಲಪ್ರಭೆಯ ಕಾಲುವೆ ಅಗೆಯುತ್ತಿದ್ದ ಆ ದಿನಗಳಲ್ಲಿ, ಒಂದು ಸುಗ್ಗಿಯಲ್ಲಿ, ಜೋಳದ ಕಣಿಕೆ ಹೇರಿದ ಬಂಡಿಯ ಮೇಲಿಂದ ಹೊಳೆಪ್ಪ ಜಾರಿ ಬಿದ್ದ. ಟೊಂಕದ ಎಲುಬು ಮುರಿಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಒಂದೂವರೆ ತಿಂಗಳು ಮಲಗಿ ಎದ್ದು ಬಂದ. ಕೂಡಬಹುದಿತ್ತು, ಬಡಿಗೆ ಊರಿಕೊಂಡು ಹಿತ್ತಲ ತನಕ ನಡೆಯಬಹುದಿತ್ತು, ಆದರೆ ಬಗ್ಗುವಂತಿರಲಿಲ್ಲ. ಹೊಲವೋ ಮೂರು ಮೈಲು ದೂರ, ಬಂಡಿಯ ಕುಲುಕಾಟ ಇನ್ನೂ ತಡೆಯುವಂತಿರಲಿಲ್ಲ.

ಮುಂದಿನ ಮುಂಗಾರಿಗೆ ಮಗ ಶಂಕ್ರಪ್ಪ ಒಂದು ಉಪಾಯ ಮಾಡಿದ. ಅಪ್ಪ ಹೊಲಕ್ಕೆ ಹೋಗಲಾಗದಿದ್ದರೆ ಹೊಲವೇ ಅಪ್ಪನ ಹತ್ತಿರ ಬರಲಿ ಎಂದು, ದೋತರದ ಚುಂಗಿನಲ್ಲಿ ಎರಡು ಹಿಡಿ ಮಣ್ಣು ಕಟ್ಟಿಕೊಂಡು ಬಂದು ಅಪ್ಪ ಮಲಗಿದ್ದ ಹೊರಸಿನ ಮೇಲೆ ಬಿಚ್ಚಿದ. ಹೊಳೆಪ್ಪ ಮುಷ್ಟಿ ಬಿಗಿದ. ಉಂಡೆ ಕಟ್ಟಿತು, ಬಿಟ್ಟರೆ ಒಡೆಯಿತು. ಅಗದಿ ಬರೋಬ್ಬರಿ ಹದ. "ಕೂರಿಗಿ ಹೂಡ್ರಿ" ಅಂದ. ಶಂಕ್ರಪ್ಪ ಹೂಡಿದ, ಅವನನ್ನು ನೋಡಿ ಓಣಿಯ ನಾಲ್ವರು ಹೂಡಿದರು. ಹೊಲಕ್ಕಿಳಿದರೆ ಮೊಣಕಾಲುದ್ದ ರಾಡಿ. ಮಾತು ಬಂದಾಗಿತ್ತು, ಬಿತ್ತಿದರು. ಕೂರಿಗೆಯ ತೂತುಗಳಲ್ಲಿ ಕೆಸರು ಮೆತ್ತಿ ಬೀಜ ಇಳಿಯಲಿಲ್ಲ, ಇಳಿದದ್ದು ಕೊಳೆಯಿತು. ಐವರ ಹೊಲದ ಹೆಸರುಕಾಳಿನ ಬೆಳೆಯೂ ಆ ವರ್ಷ ತಲೆಗೂದಲುದುರಿದವನ ನೆತ್ತಿಯ ಹಾಗೆ ಅಲ್ಲೊಂದು ಇಲ್ಲೊಂದು ಎದ್ದಿತು.

ಯಾರೂ ಬೈಯಲಿಲ್ಲ. "ವಯಸ್ಸಾತು ಬಿಡ್ರಿ" ಅಂದರು. ಬೈದಿದ್ದರೆ ಹೊಳೆಪ್ಪನೂ ನಾಲ್ಕು ಮಾತು ತಿರುಗಿ ಅಂದು ಹಗುರಾಗುತ್ತಿದ್ದ. ಹಿಂಗಾರಿ ಜೋಳಕ್ಕೆ ಶಂಕ್ರಪ್ಪ ಮಣ್ಣು ತರಲಿಲ್ಲ. ಬಾಜು ಹೊಲದವರನ್ನು ನೋಡಿಕೊಂಡು ಬಿತ್ತಿದ, ಮನೆಗೆ ಬಂದು ಹೇಳಿದ. ಹೊಳೆಪ್ಪ "ಛಲೋ ಆತು" ಅಂದ. ಅವತ್ತಿನಿಂದ ಅವನ ಬಲಗೈ ಹೊದ್ದ ಕೌದಿಯ ಕೆಳಗೆ ಸೇರಿತು. ಉಣ್ಣಲು, ಲಿಂಗಪೂಜೆಗೆ ಹೊರಬರುತ್ತಿತ್ತು, ಅಷ್ಟೇ. ಸಂತೆಯಿಂದ ತಂದ ಬದನೆಕಾಯಿ ಎಳೆಯದೋ ಬಲಿತದ್ದೋ ಎಂದು ಸೊಸೆ ಸುಶೀಲವ್ವ ಮುಂದೆ ಹಿಡಿದರೆ, ಮುಟ್ಟದೆ, "ನೀನ ನೋಡವಾ" ಅನ್ನುತ್ತಿದ್ದ. ಹೆಂಡತಿ ಇದ್ದಿದ್ದರೆ ಅವಳ ಹತ್ತಿರವಾದರೂ ಬಾಯಿ ಬಿಡುತ್ತಿದ್ದನೇನೋ. ಅವಳು ಹೋಗಿ ಆರು ವರ್ಷವಾಗಿತ್ತು. ತನ್ನ ಕೈ ಸತ್ತಿದೆ ಎಂಬುದನ್ನು ಹೊಳೆಪ್ಪ ಒಬ್ಬನೇ ಹೊತ್ತುಕೊಂಡು ಕೂತಿದ್ದ.

ಮರುವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಸುಶೀಲವ್ವನ ತವರಿನಿಂದ ಹುಲ್ಲು ಬಂತು. ಅವಳ ತವರು ತಂಬೂರ, ಭತ್ತದ ನಾಡು. ಜೋಳದ ಕಣಿಕೆ ತಿಂದು ತಿಂದು ತಂಗಿಯ ಮನೆಯ ಎಮ್ಮೆಗೆ ಬಾಯಿ ಕೆಟ್ಟಿದ್ದೀತು ಎಂದು ಅಣ್ಣ ಆರು ಪೆಂಡಿ ಭತ್ತದ ಹುಲ್ಲು ಕಳಿಸಿದ್ದ. ತಂದವನು ಯಮನೂರಿನ ನಬೀಸಾಬ. ಬಂಡಿ ಹೊಡೆಯುವ ಮೊದಲು ಅವನು ಎಂಟು ವರ್ಷ ಅಣ್ಣಿಗೇರಿಯಲ್ಲಿ ಹತ್ತಿ ಒತ್ತಿ ಕಟ್ಟುವ ಕೆಲಸ ಮಾಡಿದವನು. ಅಂದಿನಿಂದ ಏನು ಕಂಡರೂ ತುಳಿದು ಬಿಗಿದು ಕಟ್ಟುವ ಚಟ. ಹೆಂಡತಿ ಮಡಚಿಟ್ಟ ಹಾಸಿಗೆಯನ್ನೂ ಬಿಡುವುದಿಲ್ಲ ಎಂದು ಜನ ನಗುತ್ತಿದ್ದರು. ಹುಲ್ಲನ್ನೂ ಹಾಗೆಯೇ ಕಟ್ಟಿಗೆಯ ಚೌಕಟ್ಟಿನೊಳಗೆ ತುಂಬಿ, ಮೇಲೆ ನಿಂತು ತುಳಿದು, ಪುಂಡಿ ನಾರಿನ ಹಗ್ಗದಿಂದ ಬಿಗಿದು, ಸಂದೂಕದಷ್ಟು ಗಟ್ಟಿ ಮಾಡಿಕೊಂಡು ಬಂದಿದ್ದ. ದಾರಿಯಲ್ಲಿ ಹುಬ್ಬಳ್ಳಿ ದಾಟಿದ ಮೇಲೆ ಅಡ್ಡಮಳೆ ಹಿಡಿದಿತ್ತು.

"ಕಾಕಾ, ಮಾಲ ಬರೋಬ್ಬರಿ ಬಂದೇತ್ರಿ," ಅಂದ ಹೊಳೆಪ್ಪನಿಗೆ. "ಸ್ವಲ್ಪ ತೊಯ್ದೇತಿ, ಅಷ್ಟ."

ಸ್ವಲ್ಪವೇನು, ಪೆಂಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎಮ್ಮೆ ಒಂದು ಸಲ ಮೂಸಿತು, ಶಂಕ್ರಪ್ಪನ ಮುಖ ನೋಡಿತು, ಹಿಂದೆ ಸರಿಯಿತು.

"ತಿಪ್ಪಿಗೆ ಒಗದ ಬಿಡೂಣು," ಅಂದ ಶಂಕ್ರಪ್ಪ. "ಹಸಿ ಹುಲ್ಲ ಒಳಗ ಕಾದು ಬೆಂಕಿ ಹತ್ತತೈತಿ. ಬಣವಿ ಬಾಜು ಅಂತೂ ಇಡೂದ ಬ್ಯಾಡ."

"ತವರಮನಿಯಿಂದ ಬಂದದ್ದ ತಿಪ್ಪಿಗೆ ಹೋಗೂದಿಲ್ರಿ," ಅಂದಳು ಸುಶೀಲವ್ವ. ಅವಳು ದನಿಯೇರಿಸಲಿಲ್ಲ. ಆದರೆ ಗಂಡನಿಗೆ ಆ ದನಿಯ ಪರಿಚಯವಿತ್ತು, ಪೆಂಡಿಗಳು ಹಿತ್ತಲಿಗೆ ಹೋದವು.

ಆ ಹಿತ್ತಲಿನ ವಿಷಯ ಹೇಳಬೇಕು. ಅದು ಸವಳು ನೆಲ. ಬೇಸಿಗೆಯಲ್ಲಿ ಉಪ್ಪು ಮೇಲೆದ್ದು ಬೂದಿ ಬಳಿದಂತೆ ಬೆಳ್ಳಗಾಗುತ್ತಿತ್ತು. ಮೂರು ತಲೆಮಾರಿನಿಂದ ಅಲ್ಲಿ ಒಂದು ಕೊತ್ತಂಬರಿ ಎಸಳೂ ಎದ್ದಿರಲಿಲ್ಲ. ಹಿಂದಿನ ಗೋಡೆಯ ಹತ್ತಿರ ದನದ ಮನೆಯ ಗಂಜಲ ಹರಿದು ಬರುವ ಕಾಲುವೆಯೊಂದಿತ್ತು. ಜಾಗವಿದ್ದದ್ದು ಅಲ್ಲೇ, ಆರೂ ಪೆಂಡಿಗಳನ್ನು ಅಲ್ಲೇ ಸಾಲಾಗಿ ಇಟ್ಟರು. ಮೇಲಿಂದ ಒಂದೆರಡು ಮಳೆ, ಕೆಳಗಿಂದ ಗಂಜಲ, ನಡುನಡುವೆ ಸುಶೀಲವ್ವನ ಮುಸುರೆ ನೀರು. ಹುಲ್ಲು ಕುಡಿಯುತ್ತಾ ಕೂತಿತು.

ನಾಲ್ಕನೆಯ ದಿನ ಬೆಳಕು ಹರಿಯುವಾಗ ಹಿತ್ತಲ ಬಾಗಿಲಲ್ಲಿ ಹೊರಸಿನ ಮೇಲೆ ಕೂತಿದ್ದ ಹೊಳೆಪ್ಪ ಗೋಡೆಯ ಕಡೆ ನೋಡಿ ಗಾಬರಿಯಾದ. ಆರೂ ಪೆಂಡಿಗಳಿಂದ ಬೆಳ್ಳಗೆ ಹೊಗೆಯಂಥದ್ದು ಏಳುತ್ತಿತ್ತು.

"ಸುಶೀಲಾ! ನೀರ ತಾ ಬೇ! ಬೆಂಕಿ ಹತ್ತೇತಿ!"

ಅವಳು ಕೊಡ ಹೊತ್ತು ಓಡಿ ಬಂದಳು, ಹತ್ತಿರ ಹೋಗಿ ನೋಡಿದಳು, ಕೊಡ ಇಳಿಸಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಬೆಂಕಿ ಅಲ್ರಿ ಮಾವಾರ, ಉಗಿ. ಹುಲ್ಲ ಒಳಗ ಕುದ್ಯಾಕ ಹತ್ತೇತಿ. ನಮ್ಮ ತಂಬೂರಾಗ ಕಣದ ಬಾಜು ಕೊಳತ ಹುಲ್ಲ ಹಿಂಗ ಉಗಿ ಬಿಡತೈತ್ರಿ. ಅದರಾಗ ನಮ್ಮವ್ವ ಹೀರಿಬೀಜ ಚುಚ್ಚತಿದ್ಲು. ನೀವು ನೋಡಬೇಕಿತ್ರಿ ಆ ಬಳ್ಳಿ!"

"ಮಣ್ಣಿಲ್ಲದ?"

"ಮಣ್ಯಾಕ್ರಿ?"

ಹೊಳೆಪ್ಪನಿಗೆ ಸಿಟ್ಟೇ ಬಂತು. ಮಣ್ಣು ಯಾಕೆ ಅಂತ ಕೇಳುವ ಮಾತೇ ಇದು? ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಮಣ್ಣಲ್ಲಿ ಮಾಡಿ ಮಣ್ಣಿಗೆ ಹೋದವರು. ಸುಶೀಲವ್ವ ಮಾತ್ರ ಕೊಡ ಎತ್ತಿಕೊಳ್ಳುತ್ತಾ, ಹೊರಸು ಬಾಗಿಲು ಯಾವುದರ ಕಡೆಗೂ ನೋಡದೆ, ತನ್ನಷ್ಟಕ್ಕೇ ಎಂಬಂತೆ ಅಂದಳು: "ಪೆಂಡಿ ಟೊಂಕದುದ್ದ ಅದಾವು. ಸ್ಟೂಲ ಹಾಕ್ಕೊಂಡ ಕುಂತರ ಬಗ್ಗೂದ ಬ್ಯಾಡ. ಕುಂತಲ್ಲೇ ಅಗಿ ಹಚ್ಚಬಹುದು."

ಹೊಳೆಪ್ಪ ಇಡೀ ದಿನ ಪೆಂಡಿಗಳನ್ನೇ ನೋಡುತ್ತಾ ಕೂತ. ಸಂಜೆ ಶಂಕ್ರಪ್ಪ ಬಂದಾಗ, "ಸಂತಿಗೆ ಹೋದ್ರ ಬದನಿ ಅಗಿ, ಮೆಣಸಿನ ಅಗಿ ತಾರಪಾ," ಅಂದ. ಶಂಕ್ರಪ್ಪ ಹೆಂಡತಿಯ ಮುಖ ನೋಡಿದ. ಅವಳು ರೊಟ್ಟಿ ಬಡಿಯುತ್ತಿದ್ದಳು.

ಅಗಿ, ಆ ಎಳೆ ಸಸಿಗಳು, ಸಂತೆಯಿಂದ ಬಂದ ಮರುದಿನವೇ ಮಿರಗ ಕೂಡುವುದಿತ್ತು. ಮಿರಗ ಅಂದರೆ ಮೃಗಶಿರಾ ಮಳೆ. ಮಿರಗ ಕೂಡಿದ ದಿನ ಊರಿದರೆ ಕಲ್ಲೂ ಮೊಳೆಯುತ್ತದೆ ಎಂದು ಅವನ ಅಪ್ಪ ಹೇಳುತ್ತಿದ್ದ. ಆದರೂ ಹದ ನೋಡದೆ ಊರುವುದುಂಟೇ? ಹೊರಸಿನ ಮೇಲಿಂದಲೇ, "ಒಂದ ಹಿಡಿ ಹುಲ್ಲ ತಾರವಾ, ನೋಡೂಣು," ಅಂದ. ಸುಶೀಲವ್ವ ಪೆಂಡಿಯೊಳಗೆ ಕೈ ತೂರಿ, "ಹಾ!" ಎಂದು ಊದಿಕೊಳ್ಳುತ್ತಾ, ಸೆರಗಿನಲ್ಲಿ ಒಂದು ಹಿಡಿ ತೆಗೆದುಕೊಂಡು, ಹಿತ್ತಲು ದಾಟಿ, ದಾರಿಯಲ್ಲಿ ಕೋಳಿ ಓಡಿಸಿ, ತಂದುಕೊಟ್ಟಳು. ವರ್ಷದ ಮೇಲೆ ಮೊದಲ ಸಲ ಹೊಳೆಪ್ಪನ ಬಲಗೈ ಮುಷ್ಟಿ ಬಿಗಿಯಿತು. ಹುಲ್ಲು ತಣ್ಣಗಿತ್ತು, ತುಸು ತೇವವಿತ್ತು.

"ತಣ್ಣಗ ಆಗೇತಿ. ನಾಳೆ ಮಿರಗ. ಹಚ್ಚೂಣು."

ಮರುದಿನ ಬಡಿಗೆಯ ತುದಿಯಿಂದ ಪೆಂಡಿಗಳಲ್ಲಿ ತೂತು ಮಾಡಿ ಒಂದೊಂದಾಗಿ ಇಪ್ಪತ್ತನಾಲ್ಕು ಅಗಿ ಹಚ್ಚಿದ. ಸ್ಟೂಲಿನ ಮೇಲೆ ಕೂತು, ಮೈಮೇಲೆ ಬಿಸಿಲು ಹಾಕಿಕೊಂಡು, ಬೆರಳ ತುದಿಯಲ್ಲಿ ಎಳೆ ಬೇರು ಹಿಡಿದು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ.

ಮುಂದಿನ ಮಧ್ಯಾಹ್ನಕ್ಕೆ ಇಪ್ಪತ್ತನಾಲ್ಕೂ ಅಗಿ ಬೆಂದು ಮಲಗಿದ್ದವು. ಬಾಡಿದ್ದಲ್ಲ, ಬೆಂದದ್ದು. ಹಿತ್ತಲ ತುಂಬ ಕುದಿಸಿದ ಸೊಪ್ಪಿನ ವಾಸನೆ. ಗೋಡೆಯಾಚೆಯ ರೇವವ್ವ, ಹೊಳೆಪ್ಪನ ಓರಗೆಯವಳು, ಬಾಯಿ ಸುಮ್ಮನಿರದ ಹೆಂಗಸು, ಇಣುಕಿ ನೋಡಿದಳು.

"ಹೊಳೆಪ್ಪಣ್ಣಾ, ಅಗಿ ಹಚ್ಚೀಯೋ, ಪಲ್ಯಾ ಮಾಡೀಯೋ? ಒಂದೀಟ ಉಪ್ಪ ಹಾಕು, ರೊಟ್ಟಿ ನಾ ತರ್ತೇನಿ."

ಬೇರೆ ದಿನವಾಗಿದ್ದರೆ ಹೊಳೆಪ್ಪ ನಗುತ್ತಿದ್ದ. ಇವತ್ತು ಪೆಂಡಿಯ ಮುಂದೆ ಬಡಿಗೆ ಹಿಡಿದು ನಿಂತು ಸೊಸೆಗೆ ಅಂದ: "ಈ ಕೈ ಸತ್ತೈತವಾ. ಮಣ್ಣಿನ ವಿಷಯದಾಗೂ ಸುಳ್ಳ ಹೇಳ್ತು, ಹುಲ್ಲಿನ ವಿಷಯದಾಗೂ ಸುಳ್ಳ ಹೇಳ್ತು. ಇನ್ನ ಇದನ್ನ ಏನೂ ಕೇಳಬ್ಯಾಡ್ರಿ."

ಸುಶೀಲವ್ವ ಮದುವೆಯಾಗಿ ಬಂದು ಒಂಬತ್ತು ವರ್ಷವಾಗಿತ್ತು. ಒಂಬತ್ತು ವರ್ಷದಲ್ಲಿ ಮಾವನ ಎದುರು ತಲೆಯ ಮೇಲಿನ ಸೆರಗು ಜಾರಲು ಬಿಟ್ಟವಳಲ್ಲ, ನೀರಿನ ತಂಬಿಗೆಯನ್ನೂ ಕೈಗೆ ಕೊಡದೆ ನೆಲಕ್ಕಿಟ್ಟು ಸರಿಯುವವಳು. ಅವಳು ಈಗ ಎರಡು ಹೆಜ್ಜೆ ಮುಂದೆ ಬಂದು ಮಾವನ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಪೆಂಡಿಯೊಳಗೆ ತೂರಿಸಿಬಿಟ್ಟಳು. ಗೋಡೆಯ ಮೇಲಿನ ರೇವವ್ವ ಬಾಯಿ ತೆರೆದವಳು ಹಾಗೇ ಉಳಿದಳು.

"ಯಪ್ಪಾ!" ಎಂದು ಹೊಳೆಪ್ಪ ಕೈ ಕಿತ್ತುಕೊಂಡ. ಕೈಯೊಂದಿಗೆ ಒಂದು ಹಿಡಿ ಹುಲ್ಲು ಬಂತು. ಒಳಗೆ ಬೆಂಕಿಯಂಥ ಬಿಸಿ. ಯಾರೂ ಹಚ್ಚದ ಬೆಂಕಿ, ಬೂದಿಯಿಲ್ಲ, ಕೆಂಡವಿಲ್ಲ, ಬೆಳಕಿಲ್ಲ. ಮುಷ್ಟಿಯಲ್ಲಿದ್ದ ಹುಲ್ಲಿನಿಂದ ಎಳೆಯಾಗಿ ಉಗಿ ಎದ್ದಿತು, ನಿಂತಿತು. ಅವನು ನೋಡುತ್ತಿದ್ದ ಹಾಗೆಯೇ ಆ ಹುಲ್ಲು ತಣ್ಣಗಾಯಿತು.

ಹೊಳೆಪ್ಪ ಆ ಹುಲ್ಲನ್ನೇ ನೋಡಿದ. ಅದನ್ನು ಬಿಸಾಕಿ ಮತ್ತೆ ಕೈ ತೂರಿಸಿದ. ಬಿಸಿ. ಹೊರತೆಗೆದ, ಹತ್ತು ಎಣಿಸಿದ. ತಣ್ಣಗೆ. ಮತ್ತೆ ತೂರಿಸಿದ, ಮತ್ತೆ ತೆಗೆದ. ಐದಾರು ಸಲ ಹುಡುಗರ ಹಾಗೆ ಅದನ್ನೇ ಮಾಡಿದ. ರೇವವ್ವ, "ಇವಂಗೇನಾತ ಬೇ?" ಅಂದದ್ದು ಅವನಿಗೆ ಕೇಳಿಸಲೇ ಇಲ್ಲ. ಒಳಗಿದ್ದದ್ದು ಒಂದು, ಹೊರಗೆ ಬಂದದ್ದು ಇನ್ನೊಂದು. ಹುಲ್ಲು ಸುಳ್ಳು ಹೇಳಿರಲಿಲ್ಲ. ಕೈಯೂ ಸುಳ್ಳು ಹೇಳಿರಲಿಲ್ಲ. ಕೈಗೆ ಸಿಕ್ಕಿದ್ದು ಹಿತ್ತಲು ದಾಟಿ ಬಂದ ಹುಲ್ಲು.

ಹಾಗಾದರೆ ಹೋದ ವರ್ಷ ಸಿಕ್ಕಿದ್ದು? ಮೂರು ಮೈಲು ಬಿಸಿಲಲ್ಲಿ, ದೋತರದ ಚುಂಗಿನಲ್ಲಿ ಒಣಗುತ್ತಾ ಬಂದ ಮಣ್ಣು. ಹೊಲದಲ್ಲಿ ರಾಡಿಯಾಗಿದ್ದದ್ದು ಹೊರಸಿಗೆ ಬರುವಷ್ಟರಲ್ಲಿ ಹದವಾಗಿತ್ತು. ಕೈ ಖರೇನೇ ಹೇಳಿತ್ತು, ಚುಂಗಿನ ಮಣ್ಣಿನ ಖರೆ. ಒಂದು ವರ್ಷ ತಾನು ಕೌದಿಯೊಳಗೆ ಮುಚ್ಚಿಟ್ಟುಕೊಂಡದ್ದು ಸತ್ತ ಕೈಯಲ್ಲ. ಹೊಳೆಪ್ಪನ ಕಣ್ಣಲ್ಲಿ ದಳದಳ ನೀರಿಳಿಯಿತು. ಸೊಸೆಯ ಮುಂದೆ, ರೇವವ್ವನ ಮುಂದೆ, ಅಳುವುದಕ್ಕೆ ಅವನಿಗೆ ನಾಚಿಕೆಯಾಗಲಿಲ್ಲ.

ಶಂಕ್ರಪ್ಪ ಹೊಲದಿಂದ ಬಂದ ಕೂಡಲೇ ಹೊಳೆಪ್ಪ ಅವನನ್ನು ಕೂರಿಸಿಕೊಂಡು ಎಲ್ಲ ಹೇಳಿದ. "ಹಾದ್ಯಾಗ ಒಣಗಿತ್ತೋ ಅದು! ನಿಂದೇನ ತಪ್ಪಿಲ್ಲಪಾ, ನಂದೂ ಇಲ್ಲ. ಬಿಸಲಿಂದು." ಮಗ ಹಿಗ್ಗುತ್ತಾನೆ ಎಂದುಕೊಂಡಿದ್ದ. ಶಂಕ್ರಪ್ಪ ಕಾಲು ಸಹ ತೊಳೆಯದೆ ಎದ್ದು, ಎತ್ತಿಗೆ ನೀರು ತೋರಿಸುವ ನೆಪದಲ್ಲಿ ಹೊರಗೆ ಹೋಗಿಬಿಟ್ಟ.

ಅಂದಿನಿಂದ ಹೊಳೆಪ್ಪ ಪಂಚಾಂಗ ಕೇಳುವುದು ಬಿಟ್ಟ, ಹುಲ್ಲನ್ನೇ ಕೇಳತೊಡಗಿದ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಸ್ಟೂಲಿನ ಮೇಲೆ ಕೂತು, ಮೊಣಕೈ ತನಕ ಪೆಂಡಿಯೊಳಗೆ ಕೈ ಬಿಟ್ಟು "ಓಂ ನಮಃ ಶಿವಾಯ" ಎಣಿಸುವುದು. ಮೊದಲ ದಿನ ಒಂದು ಮಂತ್ರ ಪೂರ್ತಿಯಾಗುವ ಮೊದಲೇ ಕೈ ಹೊರಗೆ. ಮೂರನೆಯ ದಿನ ಐದು. ಐದನೆಯ ದಿನ ಹನ್ನೊಂದು. ಶಿವನ ಹೆಸರನ್ನು ಹೀಗೆ ಸುಟ್ಟುಕೊಳ್ಳುತ್ತಾ ಯಾರೂ ಜಪಿಸಿರಲಿಕ್ಕಿಲ್ಲ ಎಂದು ಅವನಿಗೇ ನಗು ಬರುತ್ತಿತ್ತು. ಒಂಬತ್ತನೆಯ ದಿನ ಎಣಿಸುತ್ತಾ ಎಣಿಸುತ್ತಾ ನೂರೆಂಟು ದಾಟಿದ್ದೂ ತಿಳಿಯಲಿಲ್ಲ. ಒಳಗೆ ಈಗ ಮಲಗಿದ ಮಗುವಿನ ಕುತ್ತಿಗೆಯ ಬಿಸಿಯಷ್ಟೇ ಇತ್ತು. ಹುಳಿ ವಾಸನೆ ಹೋಗಿ ಬೇರೆಯೇ ವಾಸನೆ ಬಂದಿತ್ತು. ಅವನು ಮೂಗು ಹತ್ತಿರ ತಂದ. ಮೊದಲ ಮಳೆಗೆ ನೆಲ ಬಿಡುವ ವಾಸನೆ, ಹುಲ್ಲಿನಿಂದ ಬರುತ್ತಿತ್ತು.

ಬೆರಳಿಗೆ ಸಿಕ್ಕದ್ದನ್ನು ತೆಗೆದು ನೋಡಿದ. ಹಳದಿ ಹುಲ್ಲು ಕಪ್ಪಗೆ, ಮೆತ್ತಗೆ, ಪುಡಿಯಾಗಿ ಬಂತು. ಮಣ್ಣೆಂದರೆ ಲೋಕ ಹುಟ್ಟಿದ ದಿನ ಶಿವ ಒಂದೇ ಸಲ ಮಾಡಿ ಹರವಿಟ್ಟದ್ದು, ಆಮೇಲೆ ಅದನ್ನು ಉಳುವುದು, ಹರಗುವುದು, ಜಗಳಾಡಿ ಹಂಚಿಕೊಳ್ಳುವುದು, ಇಷ್ಟೇ ಮನುಷ್ಯರ ಪಾಲಿನದು ಎಂದುಕೊಂಡಿದ್ದ ಅವನು ಅರವತ್ತು ವರ್ಷ. ಈಗ ಅದು ತನ್ನ ಹಿತ್ತಲಲ್ಲಿ, ಸವಳಿನ ಮೇಲೆ, ಎಮ್ಮೆ ಒಲ್ಲೆನೆಂದ ಹುಲ್ಲಿನೊಳಗೆ, ತನ್ನ ಕೈ ಸುತ್ತಲೇ ಆಗುತ್ತಿತ್ತು. ಮಾಡುವ ಕೆಲಸ ಇನ್ನೂ ಮುಗಿದೇ ಇಲ್ಲ! ಹೊಳೆಪ್ಪ ಕೈಯನ್ನು ಹಣೆಗೆ ಒತ್ತಿಕೊಂಡ. ವಿಭೂತಿಯ ಪಕ್ಕ ಕರಿ ಗುರುತು ಮೂಡಿತು, ಒರೆಸಲಿಲ್ಲ.

ನಬೀಸಾಬ ಅಣ್ಣಿಗೇರಿಯಿಂದ ಮತ್ತೆ ಅಗಿ ತಂದ. ಈ ಸಲ ಹಚ್ಚಿದ್ದು ಹಚ್ಚಿದಲ್ಲೇ ನಿಂತಿತು, ಎರಡನೇ ದಿನ ತಲೆ ಎತ್ತಿತು. ಆಮೇಲಿನದನ್ನು ಹೇಳಿದರೆ ನಂಬುವುದು ಕಷ್ಟ. ಬದನೆ ಗಿಡ ಪೆಂಡಿಯ ಮೇಲೆ ಮೊಳದುದ್ದವಾಯಿತು, ಮೆಣಸಿನ ಗಿಡ ನಕ್ಷತ್ರದಂತೆ ಹೂ ಬಿಟ್ಟಿತು, ಸುಶೀಲವ್ವ ಅಂಚಿಗೆ ಚುಚ್ಚಿದ ಹೀರೆಬೀಜ ಬಳ್ಳಿಯಾಗಿ ಗೋಡೆ ಹತ್ತಿ ರೇವವ್ವನ ಹಿತ್ತಲಿಗೆ ಇಳಿಯಿತು. ಒಂದು ಮುಂಜಾನೆ ಎದ್ದು ನೋಡಿದರೆ ಪೆಂಡಿಗಳ ಬದಿಯಲ್ಲೆಲ್ಲ ಅಣಬೆಯ ಸಣ್ಣ ಸಣ್ಣ ಕೊಡೆಗಳು, ಮಧ್ಯಾಹ್ನಕ್ಕೆ ಅವು ಮಾಯ. ಹಗ್ಗದ ಸಂದಿಯಿಂದ ಬಿಳಿಯ ಬೇರುಗಳು ಹೊರಬಂದು, ಕೆಳಗಿನ ಸವಳು ಮುಟ್ಟಿ, ಒಲ್ಲೆನೆಂದು ಮತ್ತೆ ಹುಲ್ಲಿಗೇ ತಿರುಗಿಕೊಂಡಿದ್ದವು. ಅದನ್ನು ತೋರಿಸುವಾಗ ಹೊಳೆಪ್ಪ ದನಿ ತಗ್ಗಿಸುತ್ತಿದ್ದ.

ಊರು ನೋಡಲು ಬಂತು. ಬಂದವರಿಗೆಲ್ಲ ಹೊಳೆಪ್ಪನದು ಒಂದೇ ಮಾತು, "ಕೈ ಹಾಕಿ ನೋಡ್ರಿ". ಹಾಕಿದವರು ಕೈ ತೆಗೆಯುವುದನ್ನೇ ಮರೆಯುತ್ತಿದ್ದರು. ರೇವವ್ವ ಕುಂಕುಮದ ಬಟ್ಟಲು ತಂದಳು, ಅವನು ಬೇಡವೆಂದ. "ದೇವರ ಮ್ಯಾಲ ಅಲ್ಲವಾ, ಒಳಗ ಅದಾನ. ಕೈ ಹಾಕು." ನಬೀಸಾಬ ಟೊಪ್ಪಿಗೆ ಸರಿಮಾಡಿಕೊಂಡು ಕಣ್ಣುಮುಚ್ಚಿ ಕೈ ಬಿಟ್ಟ. "ಅಲ್ಲಾನ ಕರಾಮತ್ ಕಾಕಾ," ಅಂದು, ಕಣ್ಣು ತೆರೆದ ಮೇಲೆ, "ಆದ್ರೂ ಪೆಂಡಿ ಕಟ್ಟಿದ್ದ ನಾನರೀ," ಎಂದು ಸೇರಿಸಿದ. ಮೊದಲ ಬದನೆಕಾಯಿ ಮಠಕ್ಕೆ ಹೋಯಿತು, ಎರಡನೆಯದು ಯಮನೂರಿನ ದರ್ಗಾಕ್ಕೆ.

ಇಷ್ಟಾದರೂ ಹೊಳೆಪ್ಪನ ಮನಸ್ಸಿನಲ್ಲಿ ಒಂದು ಗಂಟು ಹಾಗೇ ಇತ್ತು. ಇದು ಹುಲ್ಲು. ಹುಲ್ಲಿನ ಮುಂದೆ ಗೆದ್ದವನು ನೆಲದ ಮುಂದೆ ಗೆದ್ದಂತಾಗುತ್ತದೆಯೇ? ಹಿಂಗಾರಿ ಬರುತ್ತಿತ್ತು. ಮಗ ಕೇಳಿದರೆ ಏನು ಹೇಳುವುದು? ಕೇಳದಿದ್ದರೆ? ಕೇಳದಿದ್ದರೆ ಎಂಬುದೇ ಹೆಚ್ಚು ಹೆದರಿಸುತ್ತಿತ್ತು.

ಹಿಂಗಾರಿ ಬಿತ್ತನೆಯ ಉತ್ತರಿ ಮಳೆ ಚೆನ್ನಾಗಿ ಆಯಿತು. ಆಗಿ ನಾಲ್ಕನೆಯ ದಿನ ಶಂಕ್ರಪ್ಪ ಬಂಡಿ ಹೂಡಿ, ಅದರಲ್ಲಿ ಕೌದಿ ಹಾಸಿ, ಹಿತ್ತಲ ಬಾಗಿಲಿಗೆ ಬಂದು ನಿಂತ.

"ಅಪ್ಪಾ, ಹೊಲಕ್ಕ ಹೋಗೂಣು."

ಹೊಳೆಪ್ಪ ಬಡಿಗೆ ಬದಿಗಿಟ್ಟ. ಮಗ ಅವನನ್ನು ಎತ್ತಿ ಬಂಡಿಯಲ್ಲಿ ಕೂರಿಸಿದ. ಅಗಸಿ ದಾಟುವಾಗ ಓಣಿಯ ನಾಲ್ಕಾರು ಜನ, ಕಳೆದ ವರ್ಷ ಅವನ ಮಾತು ಕೇಳಿ ಕೆಟ್ಟವರೂ ಅದರಲ್ಲಿದ್ದರು, ಹೆಗಲಿಗೆ ವಸ್ತ್ರ ಹಾಕಿಕೊಂಡು ಸುಮ್ಮನೆ ಬಂಡಿಯ ಹಿಂದೆ ನಡೆದರು. ಒಂದೂವರೆ ವರ್ಷದ ಮೇಲೆ ಹೊಳೆಪ್ಪ ತನ್ನ ಹೊಲ ನೋಡಿದ. ಕಣ್ಣು ಹೋಗುವ ತನಕ ಕರಿ ನೆಲ, ಮೇಲೆ ಮುಗಿಲು, ನಡುವೆ ಒಂದು ಗಿಡವೂ ಇಲ್ಲ. ಇಷ್ಟು ದೊಡ್ಡದಿತ್ತೇ ಇದು ಎಂದು ಬೆರಗಾದ.

"ಇಳಸು."

"ನೆಲಾ ಹಸಿ ಐತಿ. ನಾ ಒಂದ ಹಿಡಿ ತಗದ ಕೊಡ್ತೇನಿ ತಡಿ."

"ಹಿಡಿ ಬ್ಯಾಡ. ಇಳಸಲೇ!"

ಶಂಕ್ರಪ್ಪ ಇಳಿಸಿದ. ಬಗ್ಗಲಾಗದ ಮನುಷ್ಯ ಮಗನ ತೋಳು ಹಿಡಿದು ಮೆಲ್ಲಗೆ, ಮಂಡಿಯೂರದೆ, ಕಡಿದ ಕೊರಡಿನಂತೆ ಒಂದು ಬದಿಗೆ ಒರಗಿ, ಆಮೇಲೆ ಬೋರಲಾಗಿ, ಎದೆ ನೆಲಕ್ಕೆ ಹಚ್ಚಿ ಉದ್ದಕ್ಕೆ ಮಲಗಿದ. ಬದುವಿನ ಮೇಲೆ ನಿಂತವರು ಯಾರೂ ನಗಲಿಲ್ಲ. ಬೇಸಿಗೆಯ ಬಿರುಕು ಈಗಷ್ಟೇ ಕೂಡಿದ್ದ ಮೆತ್ತನೆ ಜಾಗ ಹುಡುಕಿ ಹೊಳೆಪ್ಪ ಬೆರಳಿಂದ ಕೆದಕಿದ, ಕೈ ತೂರಿಸಿದ. ಮಣಿಕಟ್ಟು, ಅದರ ಮೇಲೆ ಒಂದು ಗೇಣು, ಮೊಣಕೈ. ಮೂವತ್ತು ವರ್ಷ ನೆಲದಿಂದ ಹಿಡಿ ಹಿಡಿ ಹೊರತೆಗೆದು ಕೇಳಿದವನು ಒಂದು ದಿನವೂ ಒಳಗೆ ಹೋಗಿ ಕೇಳಿರಲಿಲ್ಲ.

ಮೇಲೆ ನಾಲ್ಕು ಬೆರಳು ಆರಿತ್ತು. ಅದರ ಕೆಳಗೆ ತಂಪು. ಇನ್ನೂ ಕೆಳಗೆ, ಬೆರಳ ತುದಿ ಮುಟ್ಟುವಲ್ಲಿ, ಬಿಸಿಯಿತ್ತು. ಸಣ್ಣ, ನಿಧಾನದ ಬಿಸಿ. ಒಂಬತ್ತನೆಯ ದಿನ ಹುಲ್ಲಿನೊಳಗೆ ಇದ್ದದ್ದೇ ಇಲ್ಲೂ ಇತ್ತು. ತನ್ನ ಕಣಿಕೆಯ ಕೂಳೆ, ಅಪ್ಪನ ಕಾಲದ ಗೊಬ್ಬರ, ಅಜ್ಜನ ಎತ್ತಿನ ಸಗಣಿ, ಹೆಸರು ಗೊತ್ತಿಲ್ಲದವರ ಬೆಳೆಯ ಬೇರುಗಳು, ಎಲ್ಲವೂ ಈ ಕತ್ತಲಲ್ಲಿ ಇನ್ನೂ ಕುದಿಯುತ್ತಿವೆ. ಇಂಥದರ ಮೇಲೆ ಚಪ್ಪಲಿ ಹಾಕಿಕೊಂಡು ಓಡಾಡಿದೆವಲ್ಲ ಎಂದುಕೊಂಡ.

ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಶಂಕ್ರಪ್ಪ, ಬದುವಿನವರಿಗೆ ಕೇಳದಂತೆ, ಅಂದ: "ಅಪ್ಪಾ... ಹೋದ ವರ್ಷ ಮಣ್ಣ ಬಿಸಲಿಗೆ ಒಣಗಿದ್ದಿಲ್ಲ. ಚುಂಗಿನ್ಯಾಗ ಕಟ್ಟಿಕೊಂಡ ಹಳ್ಳದ ದಂಡಿ ಬೇವಿನಗಿಡದ ಬುಡಕ ಕುಂತಿದ್ದೆ. ಬುತ್ತಿ ಉಂಡೆ. ಕಣ್ಣ ಹತ್ತಿತು. ಎದ್ದಾಗ ಹೊತ್ತ ಇಳದಿತ್ತು, ಮಣ್ಣ ಆರಿತ್ತು. ಮಂದಿ ನಿನಗ ವಯಸ್ಸಾತು ಅಂದಾಗ ಹೇಳಬೇಕಿತ್ತು. ಬಾಯಿ ಬರಲಿಲ್ಲ."

ಹೊಳೆಪ್ಪನಿಗೆ ಸಿಟ್ಟು ನೆತ್ತಿಗೇರಿತು. ಒಂದು ವರ್ಷ! ಒಂದು ವರ್ಷ ಕೌದಿಯೊಳಗೆ ಕೈ ಬಚ್ಚಿಟ್ಟುಕೊಂಡು ಕೂತಾಗ ಇವನು ನೋಡುತ್ತಿದ್ದನಲ್ಲ! ಎದ್ದು ಕೂರುವಂತಿದ್ದರೆ ಕಪಾಳಕ್ಕೆ ಒಂದು ಬಿಡುತ್ತಿದ್ದ. ಏಳುವಂತಿರಲಿಲ್ಲ. ಕೈ ನೆಲದೊಳಗಿತ್ತು, ಎದೆಯ ಕೆಳಗೆ ಹೊಲ ಇತ್ತು. ಮಗನ ಮುಖ ಅವನ ಮುಖದ ಹತ್ತಿರ ಬಂದಿತ್ತು, ನಲವತ್ತರ ಗಂಡಸು ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಇವನಿಗೆ ಹದ ಅಂದರೆ ಏನೆಂದು ತಾನು ಒಂದು ದಿನವಾದರೂ ಕಲಿಸಿದ್ದೆನೇ? ಇಲ್ಲ. "ಕೂರಿಗಿ ಹೂಡ್ರಿ" ಎಂದು ಕೂಗುವ ಸುಖವನ್ನು ಯಾರಿಗೂ ಬಿಟ್ಟುಕೊಟ್ಟವನಲ್ಲ ತಾನು. ತೆಗೆದ ಮಣ್ಣನ್ನು ಕೂಡಲೇ ನೋಡಬೇಕೆಂದು ಗೊತ್ತಿಲ್ಲದವನು ಬೇವಿನ ನೆರಳಲ್ಲಿ ಮಲಗಿದ, ಅಷ್ಟೇ ತಾನೆ?

"ಗೊರಕಿ ಹೊಡದಿದ್ದೇನಲೇ?" ಅಂದ ಹೊಳೆಪ್ಪ.

ಶಂಕ್ರಪ್ಪ ಅಳುತ್ತಲೇ, "ಹೊಡದಿರಬೇಕ," ಅಂದ.

"ಬಾ. ಕೈ ಹಾಕು ಇಲ್ಲಿ."

ಶಂಕ್ರಪ್ಪನೂ ಬೋರಲು ಮಲಗಿದ. ಅಪ್ಪನ ತೋಳಿನ ಪಕ್ಕದಲ್ಲೇ, ಅದೇ ತೂತಿನಲ್ಲಿ ಕೈ ಇಳಿಸಿದ. ಹೊಳೆಪ್ಪನ ಲೆಕ್ಕ ಆಗಿಹೋಗಿತ್ತು, ನಾಳೆ ಸಂಜೆಗೆ ಹದ. ಆದರೆ ಹೇಳಲಿಲ್ಲ. ನಾಲಗೆಯ ತುದಿಗೆ ಬಂದದ್ದನ್ನು ನುಂಗಿದ. ಹಾಗೆ ನುಂಗುವುದು ಟೊಂಕ ಮುರಿದಾಗಿನ ನೋವಿಗಿಂತ ಕಡಿಮೆಯದಾಗಿರಲಿಲ್ಲ.

"ಏನ ಅಂತೈತಿ?"

ಶಂಕ್ರಪ್ಪ ಕಣ್ಣು ಮುಚ್ಚಿದ. "ಕೆಳಗ ಇನ್ನಾ ಜಿಗಿ ಐತಪಾ, ಅಂಟತೈತಿ. ನಾಳೆ ಅಲ್ಲ. ನಾಡದು ಮುಂಜಾನೆ."

ಹೊಳೆಪ್ಪ ಬೆರಳು ಚಾಚಿ ನೋಡಿದ. ಮಗನ ಅಂಗೈ ಅವನ ಬೆರಳುಗಳನ್ನು ದಾಟಿ ಇನ್ನೊಂದು ಗೇಣು ಆಳದಲ್ಲಿತ್ತು, ಅಲ್ಲಿಗೆ ಅವನ ಕೈ ಮುಟ್ಟುತ್ತಿರಲಿಲ್ಲ.

ಬದುವಿನ ಮೇಲಿದ್ದವರು ಹತ್ತಿರ ಬಂದಿದ್ದರು. ಒಬ್ಬ ತಡೆಯಲಾರದೆ, "ಹೊಳೆಪ್ಪಣ್ಣಾ, ಯಾವಾಗ ಹೂಡೂಣ್ರಿ?" ಎಂದು ಕೇಳಿಯೇಬಿಟ್ಟ.

ಹೊಳೆಪ್ಪ ಕೆನ್ನೆಯನ್ನು ನೆಲದಿಂದ ಎತ್ತದೆ ಹೇಳಿದ:

"ನನ್ನ ಯಾಕ ಕೇಳ್ತಿ? ಶಂಕ್ರಪ್ಪನ ಕೇಳು."